ಹಸಿರಾದರೆ ಸಾಕೇ? ಗಣಿ ಮುಚ್ಚಿದ ನೆಲವನ್ನು ಅಳೆಯುವ ಕಥೆ

ಕಲ್ಲಿದ್ದಲು ತೆಗೆದಾಯಿತು, ಗುಂಡಿ ಮುಚ್ಚಿ ಬೀಜ ಚೆಲ್ಲಿದ್ದೂ ಆಯಿತು. ಒಂದೆರಡು ಮಳೆಗಾಲ ಕಳೆದರೆ ನೆಲ ಹಸಿರಾಗಿ ಕಾಣುತ್ತದೆ. ಅಷ್ಟಕ್ಕೇ ಗಣಿ ಕಂಪನಿಯ ಜವಾಬ್ದಾರಿ ಮುಗಿಯಿತಾ? ಏನನ್ನು ಅಳೆದು ಇದನ್ನು ತೀರ್ಮಾನಿಸಬೇಕು? ಅಮೆರಿಕ ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಬರೆಯಿತು. ಆ ಉತ್ತರದಿಂದ ಒಳ್ಳೆಯದೂ ಆಯಿತು, ದೊಡ್ಡ ನಷ್ಟವೂ ಆಯಿತು.

ಮೊದಲು ಅಲ್ಲಿ ಆಯಾ ರಾಜ್ಯದ ಕಾನೂನೇ ಎಲ್ಲ. ಪಶ್ಚಿಮ ವರ್ಜೀನಿಯಾ 1939ರಲ್ಲೇ ತೆರೆದ ಗಣಿಗಳಿಗೆ ಕಾನೂನು ತಂದಿತ್ತು. ಆದರೆ ನಿಯಮ ಬಿಗಿ ಮಾಡಿದರೆ ಕಂಪನಿಗಳು ಪಕ್ಕದ ರಾಜ್ಯಕ್ಕೆ ಹೋಗುತ್ತವೆ ಎಂಬ ಭಯ ಎಲ್ಲರಿಗೂ ಇತ್ತು. ಅಮೆರಿಕದ ಪೂರ್ವ ಭಾಗದ ಅಪಲಾಚಿಯನ್ ಬೆಟ್ಟಗಳಲ್ಲಿ ಅಗೆದ ಮಣ್ಣು, ಕಲ್ಲನ್ನು ಇಳಿಜಾರಿಗೆ ತಳ್ಳುತ್ತಿದ್ದರು. ಬೆಟ್ಟ ಜಾರುತ್ತಿತ್ತು, ಹಳ್ಳಗಳು ಹೂಳು ತುಂಬಿಕೊಳ್ಳುತ್ತಿದ್ದವು. ಕೊನೆಗೆ 1977ರ ಆಗಸ್ಟ್ 3ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಇಡೀ ದೇಶಕ್ಕೆ ಅನ್ವಯಿಸುವ ಕಾನೂನಿಗೆ ಸಹಿ ಹಾಕಿದರು.

ಆ ಕಾನೂನಿನ ಮಾತು ಚೆನ್ನಾಗಿದೆ. ಬೆಳೆಸುವ ಗಿಡಗಳಲ್ಲಿ ವೈವಿಧ್ಯ ಇರಬೇಕು, ಅವು ಶಾಶ್ವತವಾಗಿ ಉಳಿಯಬೇಕು, ತಾವಾಗಿಯೇ ಮರಿ ಹಾಕಿ ಹಬ್ಬಬೇಕು. ಕಂಪನಿ ಮುಂಚೆಯೇ ಠೇವಣಿ ಕಟ್ಟಬೇಕು. ಕೆಲಸ ಮುಗಿದಂತೆ ಅದು ಹಂತಹಂತವಾಗಿ ವಾಪಸ್ ಸಿಗುತ್ತದೆ. ಕೊನೆಯ ಕಂತು ಸಿಗಬೇಕಾದರೆ 5 ವರ್ಷ ಕಾಯಬೇಕು. ವರ್ಷಕ್ಕೆ 26 ಇಂಚು ಅಥವಾ ಅದಕ್ಕಿಂತ ಕಮ್ಮಿ ಮಳೆ ಬೀಳುವ ಕಡೆ 10 ವರ್ಷ. ಈ ಲೆಕ್ಕ ಶುರುವಾಗುವುದು ಕೊನೆಯ ಸಲ ಬೀಜ ಹಾಕಿ, ಗೊಬ್ಬರ ಕೊಟ್ಟು, ನೀರು ಬಿಟ್ಟ ವರ್ಷದ ನಂತರ. ನನ್ನ ಪ್ರಕಾರ ಇಡೀ ಕಾನೂನಿನಲ್ಲಿ ಅತ್ಯಂತ ಜಾಣತನದ ನಿಯಮ ಇದು. ಆರೈಕೆ ನಿಲ್ಲಿಸಿದ ಮೇಲೂ ಗಿಡ ಬದುಕುತ್ತದಾ ಎನ್ನುವುದೇ ಅಲ್ವಾ ನಿಜವಾದ ಪರೀಕ್ಷೆ?

ಅಳೆಯುವ ಕ್ರಮವನ್ನೂ ಗೊತ್ತು ಮಾಡಿದ್ದಾರೆ. ಹತ್ತಿರದಲ್ಲಿ ಗಣಿ ಮುಟ್ಟದ ಒಂದು ತುಂಡು ನೆಲವನ್ನು ಹೋಲಿಕೆಗೆ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಸರ್ಕಾರ ಒಪ್ಪಿದ ಅಂಕಿಗಳನ್ನು ಬಳಸುತ್ತಾರೆ. ಟೇಪ್ ಎಳೆದು, ಅದರುದ್ದಕ್ಕೂ ಕಡ್ಡಿ ಇಳಿಸಿ, ಅದು ಎಲೆಗೆ ತಾಗಿತೋ ಬರೀ ಮಣ್ಣಿಗೆ ತಾಗಿತೋ ಎಂದು ಬರೆದುಕೊಳ್ಳುವುದು ಒಂದು ವಿಧಾನ. ಹುಲ್ಲುಗಾವಲಾದರೆ ಮೇವಿನ ತೂಕ, ಹೊಲವಾದರೆ ಇಳುವರಿ, ಕಾಡಾದರೆ ಮರಗಳ ಎಣಿಕೆ. ಹೋಲಿಕೆಯ ನೆಲದ ಶೇ. 90ರಷ್ಟು ಬಂದರೆ ಪಾಸು.

ತೊಂದರೆ ಶುರುವಾಗಿದ್ದು ಇಲ್ಲೇ. ಬೆಟ್ಟ ಮತ್ತೆ ಜಾರಬಾರದು ಎಂದು ಬುಲ್ಡೋಜರ್‌ಗಳು ಮಣ್ಣನ್ನು ಗಟ್ಟಿಯಾಗಿ ಒತ್ತಿದವು. ನೆಲ ಬೇಗ ಹಸಿರಾಗಲಿ ಎಂದು ಹೊರಗಿನಿಂದ ಬಂದ ಫೆಸ್ಕ್ಯೂ ಹುಲ್ಲು, ಲೆಸ್ಪಿಡೀಜಾದಂಥ ಗಿಡಗಳನ್ನು ದಟ್ಟವಾಗಿ ಬಿತ್ತಿದರು. ಕೊಚ್ಚಣೆ ನಿಂತಿತು, ಪರೀಕ್ಷೆಯೂ ಪಾಸಾಯಿತು. ಆದರೆ ಓಕ್, ಮೇಪಲ್ ಬೆಳೆಯಬೇಕಿದ್ದ ಜಾಗದಲ್ಲಿ ಸಸಿಯ ಬೇರು ಒಳಗೆ ಇಳಿಯಲಿಲ್ಲ. ನೀರು, ಬೆಳಕು ಎರಡನ್ನೂ ಹುಲ್ಲೇ ಕಿತ್ತುಕೊಂಡಿತು. ಹುಲ್ಲಿನ ಮರೆಯಲ್ಲಿ ಸೇರಿಕೊಂಡ ಇಲಿಗಳು ಸಸಿಯ ತೊಗಟೆ ತಿಂದವು. ಕಾನೂನಿಗೆ ಮುಂಚೆ ಸುಮ್ನೆ ಸಡಿಲವಾಗಿ ಸುರಿದು ಬಿಟ್ಟಿದ್ದ ಎಷ್ಟೋ ಮಣ್ಣಿನ ದಿಬ್ಬಗಳಲ್ಲಿ ಮರಗಳು ಇದಕ್ಕಿಂತ ಚೆನ್ನಾಗಿ ಬೆಳೆದಿದ್ದವು. ನೆಲ ಎಷ್ಟು ಮುಚ್ಚಿದೆ ಎಂದು ಅಳೆದರು, ನೆಲ ಮುಚ್ಚಿತು. ಕಾಡು ಬರುತ್ತಿದೆಯಾ ಎಂದು ಆ ಅಳತೆ ಕೇಳಲೇ ಇಲ್ಲ.

2004ರಲ್ಲಿ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಸೇರಿ ಬೇರೆ ದಾರಿ ತೋರಿಸಿದವು. ಮೇಲಿನ 4 ಅಡಿ ಮಣ್ಣನ್ನು ಒತ್ತದೆ ಸಡಿಲವಾಗಿ ಬಿಡಿ, ಮರದ ಸಸಿಗೆ ಪೈಪೋಟಿ ಕೊಡದ ಹುಲ್ಲನ್ನು ತೆಳುವಾಗಿ ಬಿತ್ತಿ, ಊರಿನದೇ ಮರಗಳನ್ನು ನೆಡಿ ಎಂದವು. ಮೊದಲ ವರ್ಷಗಳಲ್ಲಿ ನೆಲ ಬೋಳಾಗಿಯೇ ಕಾಣುತ್ತದೆ. ಅದನ್ನು ಫೇಲ್ ಅನ್ನಬೇಡಿ ಎಂದು ಇನ್‌ಸ್ಪೆಕ್ಟರ್‌ಗಳಿಗೂ ತಿಳಿಹೇಳಬೇಕಾಯಿತು. ಅತ್ತ ಒಣ ರಾಜ್ಯವಾದ ವಯೋಮಿಂಗ್ ಕೂಡ, ಬರೀ ಹುಲ್ಲು ಸಾಲದು, ಶೇ. 20ರಷ್ಟು ನೆಲದಲ್ಲಿ ಚದರ ಮೀಟರಿಗೆ ಒಂದು ಪೊದೆ ಇರಬೇಕು ಎಂಬ ನಿಯಮ ತಂದಿತು. ಅಲ್ಲಿ ಪೊದೆಗಳನ್ನೇ ನಂಬಿ ಬದುಕುವ ಹಕ್ಕಿಗಳಿವೆ.

ಪಶ್ಚಿಮ ವರ್ಜೀನಿಯಾದ ಮೊನೊಂಗಹೇಲಾ ಕಾಡಿನಲ್ಲಂತೂ ಹಳೆಯ ಗಣಿ ಜಾಗಗಳ ನೆಲವನ್ನು ಮತ್ತೆ ಆಳವಾಗಿ ಸೀಳಿದ್ದಾರೆ. ಹಿಂದೆ ನೆಟ್ಟಿದ್ದ ಹೊರಗಿನ ಮರಗಳನ್ನು ಉರುಳಿಸಿ, ಅಲ್ಲಿನದೇ ಕೆಂಪು ಸ್ಪ್ರೂಸ್ ನೆಟ್ಟಿದ್ದಾರೆ. ಒಂದೇ ಜಾಗಕ್ಕೆ ಎರಡು ಸಲ ಖರ್ಚು!

ನಮ್ಮಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಕಬ್ಬಿಣದ ಅದಿರು ಗಣಿಗಳನ್ನು ನಿಲ್ಲಿಸಿತು. ಮತ್ತೆ ಶುರು ಮಾಡಬೇಕಾದರೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬೇಕು ಎಂದಿತು. 2020ರ ಜನವರಿಯಲ್ಲಿ ಇನ್ನೊಂದು ಆದೇಶ ಬಂತು: ಗಣಿ ಮುಗಿದ ಮೇಲೆ ಗುತ್ತಿಗೆದಾರರೇ ತಮ್ಮ ಖರ್ಚಿನಲ್ಲಿ ಹುಲ್ಲು ಬೆಳೆಸಿ, ನೆಲ ಮೇವಿಗೆ, ಗಿಡಕ್ಕೆ, ಪ್ರಾಣಿಗಳಿಗೆ ಒದಗುವಂತೆ ಮಾಡಬೇಕು. ತುಂಬಾ ಒಳ್ಳೆಯ ಆದೇಶ. ಆದರೆ ಹಸಿರನ್ನಷ್ಟೇ ಅಳೆದರೆ ಅಮೆರಿಕದ ಕಥೆಯೇ ಇಲ್ಲೂ ಆಗುತ್ತದೆ. ಹಾಗಾಗಿ ಸಂಡೂರಿನ ಬೆಟ್ಟಗಳ ವರದಿಗಳಲ್ಲಿ ಎಷ್ಟು ಸಸಿ ನೆಟ್ಟರು ಎಂಬ ಅಂಕಿಗಿಂತ ಬೇರೆ ಅಂಕಿಗಳನ್ನು ಕೇಳಬೇಕು. ಟ್ಯಾಂಕರ್ ನೀರು ನಿಂತು ಐದು ವರ್ಷದ ಮೇಲೆ ಎಷ್ಟು ಉಳಿದವು? ಅವುಗಳಲ್ಲಿ ದಿಂಡಿಗದಂಥ ಈ ನೆಲದ ಮರ ಎಷ್ಟು? ಅವುಗಳ ಬುಡದಲ್ಲಿ ಯಾರೂ ನೆಡದ ಸಸಿ ಎದ್ದಿದೆಯಾ? ಪಕ್ಕದಲ್ಲಿ ಗಣಿ ಮುಟ್ಟದ ಬೆಟ್ಟ ಇನ್ನೂ ಇದೆ. ಹೋಲಿಸುವುದಾದರೆ ಅದರ ಜೊತೆಗೇ ಹೋಲಿಸಲಿ, ಆ ಲೆಕ್ಕ ಊರಿನವರ ಕೈಗೂ ಸಿಗಲಿ.