ಟ್ರಫಾಲ್ಗರ್ ಎಫೆಕ್ಟ್: ಶತ್ರುವಿಗಿಂತ ಮುಂದೆ ಓಡುವ ಸುದ್ದಿ

ಗುಂಪಾಗಿರುವ ಪ್ರಾಣಿಗಳಲ್ಲಿ ಅಪಾಯವನ್ನು ಎಲ್ಲವೂ ಕಣ್ಣಾರೆ ನೋಡಬೇಕಿಲ್ಲ. ಅಂಚಿನಲ್ಲಿರುವ ಒಂದು ಬೆದರಿದರೆ ಪಕ್ಕದ್ದು ಕದಲುತ್ತದೆ, ಅದನ್ನು ಕಂಡು ಅದರಾಚೆಯದ್ದು. ಹೀಗೆ ಸುದ್ದಿ ದಾಟುವ ವೇಗ ಶತ್ರು ಬರುವ ವೇಗಕ್ಕಿಂತ ಜಾಸ್ತಿ ಇದ್ದರೆ ಅದನ್ನು ಟ್ರಫಾಲ್ಗರ್ ಎಫೆಕ್ಟ್ ಅನ್ನುತ್ತಾರೆ.

ಈ ಹೆಸರು ಬಂದಿದ್ದು ಒಂದು ನೌಕಾಯುದ್ಧದಿಂದ. 1805ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ ಮತ್ತು ಸ್ಪೇನಿನ ಯುದ್ಧನೌಕೆಗಳು ಕಾಡಿಜ್ ಬಂದರಿನಲ್ಲಿದ್ದವು. ಬ್ರಿಟಿಷ್ ಸೇನಾಪತಿ ನೆಲ್ಸನ್ ಸುಮಾರು 80 ಕಿಲೋಮೀಟರ್ ಆಚೆ, ನಡುಗಡಲಲ್ಲಿ ಕಾಯುತ್ತಿದ್ದ. ಅಷ್ಟು ದೂರದಿಂದ ಬಂದರು ಕಾಣುವ ಮಾತೇ ಇಲ್ಲ. ಅದಕ್ಕೇ ನಡುವೆ ಒಂದರ ಕಣ್ಣಿಗೆ ಇನ್ನೊಂದು ಬೀಳುವಂತೆ ಹಡಗುಗಳನ್ನು ನಿಲ್ಲಿಸಿದ್ದ. 19ರಂದು ಶತ್ರುಗಳು ಹೊರಟರು. ಬಂದರಿನ ಹತ್ತಿರದ ಹಡಗು ಬಾವುಟ ಏರಿಸಿತು, ಮುಂದಿನದು ಅದನ್ನು ನೋಡಿ ತಾನೂ ಏರಿಸಿತು. ಸುದ್ದಿ ಅದೇ ಬೆಳಿಗ್ಗೆ ನೆಲ್ಸನ್‌ಗೆ ಮುಟ್ಟಿತು. ಎರಡು ದಿನ ಕಳೆದು ಟ್ರಫಾಲ್ಗರ್ ಕದನ ನಡೆಯಿತು.

1981ರಲ್ಲಿ ಟ್ರೆಹರ್ನ್ ಮತ್ತು ಫಾಸ್ಟರ್ ಎಂಬ ವಿಜ್ಞಾನಿಗಳು ಈ ಹೆಸರನ್ನು ಒಂದು ಪುಟ್ಟ ಹುಳದ ನಡವಳಿಕೆಗೆ ಇಟ್ಟರು. ಅದು ಗ್ಯಾಲಪಗೋಸ್ ದ್ವೀಪಗಳ ಹ್ಯಾಲೊಬೇಟಿಸ್. ನಮ್ಮ ಕೆರೆ, ಹಳ್ಳಗಳಲ್ಲಿ ನೀರಿನ ಮೇಲೆ ಉದ್ದ ಕಾಲು ಚಾಚಿ ಜಾರುತ್ತಾ ಓಡಾಡುವ ಹುಳ ಇದೆಯಲ್ಲ, ಅದರ ಕಡಲಿನ ನೆಂಟ. ಇವೂ ನೀರಿನ ಮೇಲೆ ಗುಂಪುಗಟ್ಟಿಕೊಂಡು ಇರುತ್ತವೆ. ವಿಜ್ಞಾನಿಗಳು ಶತ್ರುವಿನಂಥ ಒಂದು ಮಾದರಿಯನ್ನು ಗುಂಪಿನ ಕಡೆ ತಂದರು. ಅಂಚಿನ ಹುಳಗಳು ಗಾಬರಿಯಿಂದ ಅತ್ತಿತ್ತ ಓಡಿದವು. ಆ ಗಡಿಬಿಡಿ ಹುಳದಿಂದ ಹುಳಕ್ಕೆ ದಾಟಿ, ಮಾದರಿ ಬರುವುದಕ್ಕೆ ಮುಂಚೆಯೇ ಆಚೆ ತುದಿ ಮುಟ್ಟಿತು. ಅಲ್ಲಿನ ಹುಳಕ್ಕೆ ಬಂದದ್ದು ಏನು, ಯಾವ ಕಡೆಯಿಂದ ಅಂತ ಗೊತ್ತಿರಬೇಕಾಗಿಲ್ಲ. ಪಕ್ಕದ್ದು ಕದಲಿದರೆ ಸಾಕು. ನನಗೆ ಇದರಲ್ಲಿ ತುಂಬಾ ಇಷ್ಟವಾಗುವುದು ಇದೇ.

ಸುದ್ದಿ ಹೀಗೆ ಹರಿಯುವುದನ್ನು ಕಣ್ಣಲ್ಲೇ ನೋಡಬೇಕೆಂದರೆ ನಮ್ಮ ಹೆಜ್ಜೇನು ಇದೆ. ಕಡಜ ಹತ್ತಿರ ಸುಳಿದರೆ ಗೂಡಿನ ಮೇಲೆ ಕೂತ ಜೇನ್ನೊಣಗಳು ಒಂದರ ಹಿಂದೆ ಒಂದು ಹೊಟ್ಟೆಯ ತುದಿಯನ್ನು ಸರಕ್ಕನೆ ಮೇಲೆತ್ತುತ್ತವೆ. ಒಂದು ಸೆಕೆಂಡೂ ಹಿಡಿಯುವುದಿಲ್ಲ, ಇಡೀ ಗೂಡಿನ ಮೇಲೆ ಅಲೆ ಹಾದುಹೋಗುತ್ತದೆ. ಇಲ್ಲಿ ಉದ್ದೇಶ ಓಡುವುದಲ್ಲ, ಕಡಜವನ್ನು ಓಡಿಸುವುದು. ನೋಡುವ ಆಸೆಗೆ ಗೂಡಿನ ಹತ್ತಿರ ಮಾತ್ರ ಹೋಗಬೇಡಿ.

ಆದರೆ ಸುಮ್ನೆ ಒಂದು ಬೆದರಿದ್ದಕ್ಕೆಲ್ಲ ಇಡೀ ಗುಂಪು ಓಡಿದರೆ ಮೇಯುವುದು ಯಾವಾಗ, ಅಲ್ವಾ? ಇದನ್ನು ಗೋಲ್ಡನ್ ಶೈನರ್ ಎಂಬ ಅಮೆರಿಕದ ಸಣ್ಣ ಮೀನಿನಲ್ಲಿ ನೋಡಿದ್ದಾರೆ. ಒಂದು ಮೀನು ಬೆಚ್ಚಿದಾಗ ಕೆಲವೊಮ್ಮೆ ಗುಂಪೆಲ್ಲ ಚದುರುತ್ತದೆ, ಕೆಲವೊಮ್ಮೆ ಆ ಗಾಬರಿ ಅಲ್ಲಲ್ಲೇ ಅಡಗುತ್ತದೆ. ಗಾಯಗೊಂಡ ಮೀನಿನ ಚರ್ಮದಿಂದ ಹೊರಬರುವ ರಾಸಾಯನಿಕವನ್ನು ನೀರಿಗೆ ಹಾಕಿದರೆ ಗಾಬರಿ ದೂರದವರೆಗೆ ಹಬ್ಬುತ್ತದೆ. ಒಂದೊಂದು ಮೀನೂ ಹೆಚ್ಚು ಅಂಜುಬುರುಕ ಆಯಿತು ಅಂತ ಅಂದುಕೊಳ್ಳುತ್ತೇವೆ. 2019ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಬೇರೆಯೇ. ಪಕ್ಕದ ಮೀನು ಬೆಚ್ಚಿದಾಗ ತಾನೂ ಬೆಚ್ಚುವ ಸ್ವಭಾವ ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು. ಬದಲಾಗಿದ್ದು ಅವು ನಿಂತ ರೀತಿ. ಅಪಾಯದ ವಾಸನೆ ಸಿಕ್ಕಾಗ ಮೀನುಗಳು ಒಂದಕ್ಕೊಂದು ಹತ್ತಿರ ಸರಿದಿದ್ದವು. ಹತ್ತಿರ ಇದ್ದಷ್ಟೂ ಒಂದರ ಗಾಬರಿ ಇನ್ನೊಂದಕ್ಕೆ ಸಲೀಸಾಗಿ ದಾಟುತ್ತದೆ.