ಧನುರ್ಮಾಸದ ಚಳಿಯಲ್ಲೇ ಸೂರ್ಯ ಹತ್ತಿರ

ನಮ್ಮ ಡಿಗ್ರಿ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಮಾತಿಗೆ ಬರ ಅನ್ನುವುದೇ ಇಲ್ಲ. ಬೆಳಿಗ್ಗೆ ಚುನಾವಣೆ, ಮಧ್ಯಾಹ್ನ ಟೊಮೆಟೊ ರೇಟು, ಸಂಜೆ ಕೆಆರ್‌ಎಸ್‌ಗೆ ನೀರು ಎಷ್ಟಡಿ ಬಂತು ಅನ್ನುವ ಚರ್ಚೆ. ಇದರ ನಡುವೆ ಹೆಚ್ಚುಕಡಿಮೆ ಪ್ರತಿ ಮಳೆಗಾಲದಲ್ಲೂ ಒಂದು ಮೆಸೇಜು ಬಂದೇ ಬರುತ್ತದೆ. ನಾಳೆ ಬೆಳಿಗ್ಗೆ 5.27ಕ್ಕೆ ಅಫೀಲಿಯನ್ ಶುರುವಾಗುತ್ತದಂತೆ. ಭೂಮಿ ಸೂರ್ಯನಿಂದ ಬಹಳ ದೂರ ಹೋಗುತ್ತದಂತೆ. ಆಗಸ್ಟ್‌ವರೆಗೆ ಎಂದೂ ಕಾಣದ ಚಳಿ, ಕೆಮ್ಮು, ನೆಗಡಿ, ಉಸಿರಾಟದ ತೊಂದರೆ ಎಲ್ಲಾ ಬರುತ್ತದಂತೆ.

ಕಳೆದ ಸಲ ಇದು ಬಂದ ತಕ್ಷಣ ಮೈಸೂರಿನ ಗೆಳೆಯನೊಬ್ಬ, "ಹೌದು ಕಣ್ರೋ, ಎರಡು ದಿನದಿಂದ ಸ್ವೆಟರ್ ಬಿಚ್ಚಿಲ್ಲ" ಎಂದ. ಇನ್ನೊಬ್ಬ ಅದನ್ನು ಊರಲ್ಲಿರುವ ಅಮ್ಮನಿಗೆ ಕಳಿಸಿ, ಹೊರಗೆ ಹೋಗಬೇಡ ಅಂತ ಹೇಳಿಯೂ ಆಗಿತ್ತು. ನನಗೆ ಬೇಜಾರಾಗುವುದು ಇಲ್ಲಿಯೇ. ಚಳಿ ನಿಜ. ಅಫೀಲಿಯನ್, ಅಂದರೆ ಭೂಮಿ ತನ್ನ ದಾರಿಯಲ್ಲಿ ಸೂರ್ಯನಿಂದ ಅತಿ ದೂರ ಇರುವ ಗಳಿಗೆ, ಅನ್ನುವುದೂ ನಿಜ, ಪ್ರತಿ ವರ್ಷ ಜುಲೈ ಮೊದಲ ವಾರದಲ್ಲಿ ಅದು ಬರುತ್ತದೆ. ಎರಡು ನಿಜಗಳನ್ನು ಪಕ್ಕಪಕ್ಕ ಇಟ್ಟು ನಡುವೆ ಒಂದು ಸುಳ್ಳು ದಾರ ಕಟ್ಟಿದರೆ ಸಾಕು, ಓದಿದವರೂ ನಂಬುತ್ತಾರೆ.

ಮೊದಲು ಲೆಕ್ಕ ನೋಡೋಣ. ಸೂರ್ಯ ಸಾಮಾನ್ಯವಾಗಿ 9 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ, ಅಫೀಲಿಯನ್ ದಿನ ಅದು 15.2 ಕೋಟಿ ಆಗುತ್ತದೆ, ಅಂದರೆ ಶೇ 66ರಷ್ಟು ಜಾಸ್ತಿ ಎನ್ನುತ್ತದೆ ಆ ಮೆಸೇಜು. 15.2 ಕೋಟಿ ಸರಿಯಾಗಿಯೇ ಇದೆ. 9 ಕೋಟಿ ಮಾತ್ರ ಪೂರ್ತಿ ತಪ್ಪು. ಅಷ್ಟು ಹತ್ತಿರದಲ್ಲಿ ಭೂಮಿ ಇದ್ದಿದ್ದರೆ ನಾವು ಶುಕ್ರ ಗ್ರಹಕ್ಕಿಂತ ಒಳಗೆ ಇರುತ್ತಿದ್ದೆವು, ಯಾಕೆಂದರೆ ಶುಕ್ರ ಇರುವುದೇ ಸುಮಾರು 10.8 ಕೋಟಿ ಕಿಲೋಮೀಟರ್ ದೂರದಲ್ಲಿ. ಬಿಸಿಲು ಈಗಿನದಕ್ಕಿಂತ ಎರಡೂವರೆ ಪಟ್ಟಿಗೂ ಜಾಸ್ತಿ ಇರುತ್ತಿತ್ತು. ಭೂಮಿಯ ನಿಜವಾದ ಸರಾಸರಿ ದೂರ 14.96 ಕೋಟಿ ಕಿಲೋಮೀಟರ್. ಜನವರಿ ಮೊದಲ ವಾರ ಅದು 14.71 ಕೋಟಿಗೆ ಇಳಿಯುತ್ತದೆ, ಜುಲೈನಲ್ಲಿ 15.21 ಕೋಟಿಗೆ ಏರುತ್ತದೆ. ವ್ಯತ್ಯಾಸ ಶೇ 3ಕ್ಕಿಂತ ಸ್ವಲ್ಪ ಮೇಲೆ, ಅಷ್ಟೇ. ಬಿಸಿಲು ಭೂಮಿಗೆ ಬಂದು ತಲುಪಲು ಜನವರಿಯಲ್ಲಿ 8 ನಿಮಿಷ 11 ಸೆಕೆಂಡು ಬೇಕು, ಜುಲೈನಲ್ಲಿ 8 ನಿಮಿಷ 27 ಸೆಕೆಂಡು.

ಈಗ ಇನ್ನೊಮ್ಮೆ ಆ ತಿಂಗಳುಗಳನ್ನು ನೋಡಿ. ಸೂರ್ಯ ಅತಿ ಹತ್ತಿರ ಇರುವುದು ಜನವರಿ ಮೊದಲ ವಾರದಲ್ಲಿ. ಅದು ಧನುರ್ಮಾಸ! ನಸುಕಿನಲ್ಲಿ ಹಲ್ಲು ಕಡಿಯುತ್ತಾ ದೇವಸ್ಥಾನದ ಮುಂದೆ ಬಿಸಿ ಹುಗ್ಗಿಗೆ ಕೈ ಚಾಚುತ್ತೇವಲ್ಲ, ಆ ದಿನಗಳು. ಬೆಂಗಳೂರಿನಲ್ಲಿ ಜುಲೈ ರಾತ್ರಿಗಳು ಸಾಮಾನ್ಯವಾಗಿ 19-20 ಡಿಗ್ರಿ ಇದ್ದರೆ ಜನವರಿಯವು 15-16ಕ್ಕೆ ಇಳಿಯುತ್ತವೆ. ದೂರವೇ ಚಳಿಗೆ ಕಾರಣ ಆಗಿದ್ದರೆ ಧನುರ್ಮಾಸದಲ್ಲಿ ಬೆವರಬೇಕಿತ್ತು, ಅಲ್ವಾ? ಇಡೀ ಭೂಮಿಯ ಸರಾಸರಿ ತೆಗೆದರೂ ಹಾಗೆಯೇ. ಜನವರಿಗಿಂತ ಜುಲೈಯೇ ಬೆಚ್ಚಗೆ, ಅದೂ ಎರಡು ಡಿಗ್ರಿಗಿಂತ ಜಾಸ್ತಿ. ಉತ್ತರದ ಅರ್ಧ ಗೋಳದಲ್ಲಿ ನೆಲ ಜಾಸ್ತಿ, ನೆಲ ಬೇಗ ಕಾಯುತ್ತದೆ. ದಕ್ಷಿಣದಲ್ಲಿ ಸಮುದ್ರ ಜಾಸ್ತಿ, ಅದು ನಿಧಾನ.

ಹಾಗಾದರೆ ದೂರದಿಂದ ಏನೂ ಆಗುವುದಿಲ್ಲವೇ? ಆಗುತ್ತದೆ. ಜನವರಿಗೆ ಹೋಲಿಸಿದರೆ ಜುಲೈನಲ್ಲಿ ನಮಗೆ ಬರುವ ಬಿಸಿಲು ಸುಮಾರು ಶೇ 7ರಷ್ಟು ಕಡಿಮೆ. ಆದರೆ ಬಿಸಿಲು ಎಷ್ಟು ವಾಲಿಕೊಂಡು ಬೀಳುತ್ತದೆ ಅನ್ನುವುದು ಇದನ್ನು ಮುಚ್ಚಿಹಾಕುತ್ತದೆ. ಒಂದು ಸೌಟು ದೋಸೆ ಹಿಟ್ಟನ್ನು ಸಣ್ಣದಾಗಿ ಹುಯ್ದರೆ ದಪ್ಪ, ಕಾವಲಿ ತುಂಬಾ ಎಳೆದರೆ ತೆಳು. ಬಿಸಿಲೂ ಅಷ್ಟೇ, ವಾಲಿದಷ್ಟೂ ಅಗಲಕ್ಕೆ ಹರಡಿ ತೆಳುವಾಗುತ್ತದೆ. ಜುಲೈ ಮೊದಲಲ್ಲಿ ಬೆಂಗಳೂರಿನ ನಡು ಮಧ್ಯಾಹ್ನ ಸೂರ್ಯ ನೆತ್ತಿಯಿಂದ ಬರೀ 10 ಡಿಗ್ರಿ ಉತ್ತರಕ್ಕಿರುತ್ತಾನೆ. ಜನವರಿ ಮೊದಲಲ್ಲಿ 36 ಡಿಗ್ರಿ ದಕ್ಷಿಣಕ್ಕೆ. ಈ ವಾಲಿಕೆಯೊಂದರಿಂದಲೇ ಜುಲೈಗೆ ಶೇ 20ರಷ್ಟು ಲಾಭ. ಹಗಲೂ ಸುಮಾರು ಒಂದೂವರೆ ಗಂಟೆ ಉದ್ದ. ಆಕಾಶ ಬಯಲಾಗಿದ್ದರೆ ನಮ್ಮ ಜುಲೈ ಸುಡಬೇಕಿತ್ತು.

ಬಯಲಾಗಿರುವುದಿಲ್ಲ, ಅದೇ ಕಾರಣ. ಅರಬ್ಬಿ ಸಮುದ್ರದಿಂದ ಬರುವ ಮುಂಗಾರು ಮೋಡ ಕೊಡೆ ಹಿಡಿದ ಹಾಗೆ ನಿಲ್ಲುತ್ತದೆ, ಒದ್ದೆ ನೆಲದಿಂದ ನೀರು ಆವಿಯಾಗುವಾಗ ಶಾಖವನ್ನೂ ಹೊತ್ತುಕೊಂಡು ಹೋಗುತ್ತದೆ, ಮೇಲಿಂದ ಜೋರು ಗಾಳಿ ಬೇರೆ. ಏಪ್ರಿಲ್‌ನಲ್ಲಿ 34ರ ಆಸುಪಾಸು ಇದ್ದ ಬೆಂಗಳೂರಿನ ಹಗಲು ಜುಲೈನಲ್ಲಿ 28ಕ್ಕೆ ಇಳಿಯುವುದು ಇದರಿಂದ. ಅದೇ ದಿನ ದೆಹಲಿಯಲ್ಲಿ ಜನ ಫ್ಯಾನಿನ ಕೆಳಗೆ ಒದ್ದಾಡುತ್ತಿರುತ್ತಾರೆ. ಅವರಿಗೂ ಅದೇ ಸೂರ್ಯ, ಅದೇ ದೂರ. ನಮ್ಮ ಗುಂಪಿನಲ್ಲೇ ಇಬ್ಬರು ದೆಹಲಿಯಲ್ಲಿದ್ದಾರೆ. ಅವರನ್ನು ಒಂದು ಮಾತು ಕೇಳಿದ್ದರೆ ಮೆಸೇಜು ಅಲ್ಲಿಗೇ ನಿಲ್ಲುತ್ತಿತ್ತು.

ಆದರೆ ಇಷ್ಟು ಹೇಳಿ ಬಿಟ್ಟುಬಿಟ್ಟರೆ ಅಫೀಲಿಯನ್‌ಗೆ ಅನ್ಯಾಯ ಮಾಡಿದ ಹಾಗೆ. ಅದು ಚಳಿ ತರುವುದಿಲ್ಲ, ನಿಜ. ಇನ್ನೊಂದು ಕೆಲಸ ಮಾಡುತ್ತದೆ, ಅದು ನನಗೆ ಬಹಳ ಇಷ್ಟ. ಭೂಮಿಯನ್ನು ನಿಧಾನ ಮಾಡುತ್ತದೆ.

ಕಲ್ಲೊಂದನ್ನು ಮೇಲಕ್ಕೆ ಎಸೆಯಿರಿ. ಏರುತ್ತಾ ಏರುತ್ತಾ ವೇಗ ಕಳೆದುಕೊಳ್ಳುತ್ತದೆ, ಇಳಿಯುವಾಗ ಮತ್ತೆ ಪಡೆಯುತ್ತದೆ. ಪೆಡಲ್ ತುಳಿಯದೆ ಸೈಕಲ್ಲನ್ನು ದಿಬ್ಬಕ್ಕೆ ಬಿಟ್ಟರೂ ಹೀಗೆಯೇ. ಸೂರ್ಯನಿಂದ ದೂರ ಹೋಗುವುದೆಂದರೆ ಭೂಮಿಗೆ ದಿಬ್ಬ ಹತ್ತಿದ ಹಾಗೆ. ಸೂರ್ಯ ಹಿಂದಕ್ಕೆ ಎಳೆಯುತ್ತಲೇ ಇರುತ್ತಾನೆ. ಜೋಕಾಲಿ ಆಡಿದವರಿಗೂ ಇದು ಗೊತ್ತು: ತುದಿಗೆ ಹೋದಾಗ ಒಂದು ಕ್ಷಣ ನಿಂತ ಹಾಗಿರುತ್ತದೆ, ನಡುವೆ ಬಂದಾಗ ಕಿವಿಯಲ್ಲಿ ಗಾಳಿ ಗುಯ್ಯೆನ್ನುತ್ತದೆ. ಭೂಮಿ ಜೋಕಾಲಿಯ ಹಾಗೆ ನಿಲ್ಲುವುದಿಲ್ಲ, ಅದು ಪಕ್ಕಕ್ಕೂ ಓಡುತ್ತಿರುತ್ತದಲ್ಲ. ಆದರೆ ವೇಗ ಇಳಿಯುತ್ತದೆ. ಜನವರಿಯಲ್ಲಿ ಸೆಕೆಂಡಿಗೆ 30.3 ಕಿಲೋಮೀಟರ್ ಓಡುವ ಭೂಮಿ ಜುಲೈನಲ್ಲಿ 29.3ಕ್ಕೆ ಬರುತ್ತದೆ. ವೇಗ ಕಡಿಮೆ, ಸುತ್ತಬೇಕಾದ ದಾರಿಯೂ ಆ ಕಡೆ ಸ್ವಲ್ಪ ಉದ್ದ. ಎರಡೂ ಸೇರಿ ಬೇಸಿಗೆ ಕಡೆಯ ಅರ್ಧ ವರ್ಷವನ್ನು ಎಳೆದುಬಿಡುತ್ತವೆ. ಮಾರ್ಚ್‌ನಲ್ಲಿ ಹಗಲು ರಾತ್ರಿ ಸಮ ಆಗುವ ದಿನದಿಂದ ಸೆಪ್ಟೆಂಬರ್‌ನ ಅಂಥದ್ದೇ ದಿನಕ್ಕೆ ಸುಮಾರು 186 ದಿನ. ಅಲ್ಲಿಂದ ಮತ್ತೆ ಮಾರ್ಚ್‌ಗೆ ಸುಮಾರು 179. ಒಂದು ವಾರದ ವ್ಯತ್ಯಾಸ!

ಇದು ನಮ್ಮ ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲೇ ಇದೆ. ಭೂಮಿ ನಿಧಾನ ಆದಾಗ ನಮ್ಮ ಕಣ್ಣಿಗೆ ಸೂರ್ಯನೂ ರಾಶಿಗಳಲ್ಲಿ ನಿಧಾನವಾಗಿ ಸರಿಯುತ್ತಾನೆ. ಸಂಕ್ರಮಣಗಳನ್ನು, ಅಂದರೆ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುವ ದಿನಗಳನ್ನು, ಎಣಿಸಿ ನೋಡಿ. ಧನು ಸಂಕ್ರಮಣ ಡಿಸೆಂಬರ್ 16ರ ಹೊತ್ತಿಗೆ, ಮಕರ ಜನವರಿ 14ಕ್ಕೆ. ನಡುವೆ 29 ದಿನ ಮತ್ತು ಸ್ವಲ್ಪ. ಮಿಥುನ ಸಂಕ್ರಮಣ ಜೂನ್ 15ರ ಹೊತ್ತಿಗೆ, ಕರ್ಕಾಟಕ ಜುಲೈ 16ಕ್ಕೆ. ಇಲ್ಲಿ 31 ದಿನ ದಾಟಿ ಮೇಲೆ ಅರ್ಧ ದಿನಕ್ಕೂ ಜಾಸ್ತಿ. ರಾಶಿಗಳು ಹನ್ನೆರಡೂ ಒಂದೇ ಅಳತೆ, ಒಂದೊಂದೂ 30 ಡಿಗ್ರಿ. ಆದರೂ ಧನು ದಾಟುವುದಕ್ಕಿಂತ ಮಿಥುನ ದಾಟಲು ಸೂರ್ಯನಿಗೆ ಎರಡು ದಿನಕ್ಕೂ ಮೀರಿ ಜಾಸ್ತಿ ಬೇಕು. ಅಧಿಕ ಮಾಸದ ಗುಟ್ಟೂ ಇದರಲ್ಲೇ ಇದೆ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.53 ದಿನ. ಎರಡು ಸಂಕ್ರಮಣಗಳ ನಡುವೆ ಚಂದ್ರನ ಒಂದು ಪೂರ್ತಿ ತಿಂಗಳು ಕೂತುಬಿಟ್ಟರೆ ಅದು ಅಧಿಕ ಮಾಸ. 2018ರಲ್ಲಿ ಜ್ಯೇಷ್ಠ, 2020ರಲ್ಲಿ ಆಶ್ವಯುಜ, 2023ರಲ್ಲಿ ಶ್ರಾವಣ ಅಧಿಕ ಆದವು. ಧನುರ್ಮಾಸದಲ್ಲಿ ಮಾತ್ರ ಅದಕ್ಕೆ ಕೂರಲು ಜಾಗವೇ ಸಾಲದು. ಆ ಆಸುಪಾಸಿನ ತಿಂಗಳುಗಳಲ್ಲಿ ಉಲ್ಟಾ ಆಗಬಹುದು, ಚಂದ್ರನ ಒಂದೇ ತಿಂಗಳಲ್ಲಿ ಎರಡು ಸಂಕ್ರಮಣ ಬಂದು ಒಂದು ಮಾಸವೇ ಬಿಟ್ಟುಹೋಗುತ್ತದೆ. ಅದು ಕ್ಷಯ ಮಾಸ, ತುಂಬಾ ಅಪರೂಪ. 1982-83ರಲ್ಲಿ ಹೀಗಾಗಿತ್ತು.

ಈ ಏರುಪೇರು ಹಳೆಯವರಿಗೆ ಚೆನ್ನಾಗಿಯೇ ಗೊತ್ತಿತ್ತು. 2000 ವರ್ಷಕ್ಕೂ ಹಿಂದೆ ಗ್ರೀಸಿನ ಖಗೋಳಜ್ಞ ಹಿಪಾರ್ಕಸ್ ವಸಂತಕ್ಕೆ 94 ದಿನವರೆ, ಅದರ ಮುಂದಿನ ಬೇಸಿಗೆಗೆ 92 ದಿನವರೆ ಅಂತ ಲೆಕ್ಕ ಇಟ್ಟಿದ್ದ. ನಮ್ಮ ಆರ್ಯಭಟ ಸೂರ್ಯ ಅತಿ ನಿಧಾನ ಆಗುವ ಜಾಗ ಮೇಷದ ಆರಂಭದಿಂದ 78 ಡಿಗ್ರಿ ಎಂದು ಬರೆದ. ಅದು ಮಿಥುನದೊಳಗೇ ಬರುತ್ತದೆ. ಆ ಬಿಂದುವಿಗೆ ನಮ್ಮ ಜ್ಯೋತಿಷ ಗಣಿತದಲ್ಲಿ ಮಂದೋಚ್ಚ ಅಂತ ಹೆಸರು. ಮಂದ ಅಂದರೆ ನಿಧಾನ, ಉಚ್ಚ ಅಂದರೆ ಎತ್ತರ. ಮೇಲಕ್ಕೆ ಎಸೆದ ಕಲ್ಲಿನ ಕಥೆ ಈ ಒಂದು ಪದದಲ್ಲೇ ಅಡಗಿದೆ ಅನ್ನಿಸಿ ನನಗೆ ಪ್ರತಿ ಸಲ ಖುಷಿಯಾಗುತ್ತದೆ. ಯಾಕೆ ನಿಧಾನ ಅನ್ನುವುದಕ್ಕೆ ದಾರಿ ತೆರೆದದ್ದು ಜರ್ಮನಿಯ ಖಗೋಳಜ್ಞ ಕೆಪ್ಲರ್. ಮಂಗಳ ಗ್ರಹದ ಲೆಕ್ಕದಲ್ಲಿ ಅವನಿಗೆ ಬಂದ ತಪ್ಪು ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗದಷ್ಟು ಮಾತ್ರ. ಅಷ್ಟನ್ನೂ ಬಿಟ್ಟುಕೊಡಲು ಒಪ್ಪದೆ ವರ್ಷಗಟ್ಟಲೆ ಹೆಣಗಿ, ಗ್ರಹಗಳ ದಾರಿ ದುಂಡಗಿನ ಚಕ್ರವಲ್ಲ, ಸ್ವಲ್ಪ ಉದ್ದುದ್ದ ಎಂದು 1609ರಲ್ಲಿ ಹೇಳಿದ. ಎಳೆಯುವ ಬಲ ಯಾವುದು ಅಂತ ತಿಳಿಯಲು ನ್ಯೂಟನ್ ಬರಬೇಕಾಯಿತು.

ಇದನ್ನೆಲ್ಲ ಗುಂಪಿನಲ್ಲಿ ಬರೆದಾಗ ಸ್ವೆಟರಿನ ಗೆಳೆಯ ಅರ್ಧ ಗಂಟೆ ಸುಮ್ಮನಿದ್ದ. ಆಮೇಲೆ ಅಡುಗೆಮನೆಯ ಕ್ಯಾಲೆಂಡರಿನ ಫೋಟೊ ಕಳಿಸಿದ. ಸಂಕ್ರಮಣಗಳ ಸುತ್ತ ಪೆನ್ನಿನ ಗುರುತು, ಪಕ್ಕದಲ್ಲಿ ದಿನಗಳ ಲೆಕ್ಕ. ಕೆಳಗೆ ಒಂದು ಪ್ರಶ್ನೆ: "ಸೂರ್ಯ ಹತ್ತಿರ ಬರೋ ದಿನ ಯಾವಾಗಲೂ ಜನವರಿಯಲ್ಲೇ ಇರತ್ತಾ?"

ಇಲ್ಲ. ಅದು ಬಹಳ ನಿಧಾನವಾಗಿ, ಸುಮಾರು 58 ವರ್ಷಕ್ಕೆ ಒಂದು ದಿನದಂತೆ, ಕ್ಯಾಲೆಂಡರಿನಲ್ಲಿ ಮುಂದಕ್ಕೆ ಸರಿಯುತ್ತದೆ. 1246ರ ಹೊತ್ತಿಗೆ, ಅಂದರೆ ಹೊಯ್ಸಳರು ಆಳುತ್ತಿದ್ದಾಗ, ಸೋಮನಾಥಪುರದ ದೇವಸ್ಥಾನ ಏಳುವುದಕ್ಕೆ ಸ್ವಲ್ಪ ಮುಂಚೆ, ವರ್ಷದ ಅತಿ ಗಿಡ್ಡ ಹಗಲಿನ ದಿನವೇ ಸೂರ್ಯ ನಮಗೆ ಅತಿ ಹತ್ತಿರ ಇದ್ದ.