ಪಹಣಿ ಬರೆಯುವವನ ಕೈಯಲ್ಲಿ ಭೂಸುಧಾರಣೆ

ಕಲಬುರಗಿಯಲ್ಲಿ ಜಮೀನಿನ ದಾವೆ ನಡೆಸುವ ವಕೀಲರಿಗೆ 1954–55ರ ಖಾಸ್ರಾ ಪಹಣಿ, ಅಂದರೆ ಪ್ರತಿ ಜಮೀನಿನ ಒಡೆಯ ಯಾರು, ಉಳುವವನು ಯಾರು ಎಂದು ಬರೆದಿಟ್ಟ ಪುಸ್ತಕ, ಇಂದಿಗೂ ಬೇಕಾಗುವ ದಾಖಲೆ. ಉರ್ದುವಿನಲ್ಲಿರುವ ಪುಟದ ದೃಢೀಕೃತ ನಕಲು ಪಡೆದು, ಬಲ್ಲವರಿಂದ ಓದಿಸಿದರೆ ಪಟ್ಟೇದಾರನ (ದಾಖಲೆಯ ಒಡೆಯನ) ಹೆಸರು ಸ್ಪಷ್ಟವಾಗಿ ಸಿಗುತ್ತದೆ. ಸಾಗುವಳಿದಾರನ ಕಾಲಂನಲ್ಲಿ ಮಾತ್ರ ಅನೇಕ ಸಲ ಪಟ್ಟೇದಾರನೇ ಸ್ವತಃ ಉಳುತ್ತಿದ್ದಾನೆಂಬ ನಮೂದು ಇರುತ್ತದೆ. ಒಂದು ಊರಿನ ಉದ್ದಗಲಕ್ಕೂ ಹರಡಿದ ಜಮೀನನ್ನು ಒಂದು ಮನೆತನ ಸ್ವತಃ ಉಳುತ್ತಿತ್ತೆಂಬುದನ್ನು ಯಾವ ರೈತನೂ ನಂಬಲಾರ. ಆದರೆ ನ್ಯಾಯಾಲಯ ನಮೂದಿನಿಂದಲೇ ವಿಚಾರಣೆ ಆರಂಭಿಸಬೇಕಾಗುತ್ತದೆ.

1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಡಳಿತ ಕೊನೆಗೊಂಡ ಮೇಲೆ ಸುಧಾರಣೆಗಳು ತಡವಾಗಲಿಲ್ಲ. 1949ರಲ್ಲಿ ಜಾಗೀರುಗಳು ರದ್ದಾದವು; ಬೀದರ್ ಸೀಮೆಯ ಚಿಟಗುಪ್ಪದಂಥ ಪೈಗಾಗಳೂ (ನಿಜಾಮರ ಆಪ್ತ ಸರದಾರ ಮನೆತನಗಳ ಜಹಗೀರುಗಳು) ಸರ್ಕಾರದ ಆಡಳಿತಕ್ಕೆ ಬಂದವು. 1950ರ ಹೈದರಾಬಾದ್ ಗೇಣಿ ಮತ್ತು ಕೃಷಿ ಭೂಮಿ ಕಾಯ್ದೆ, ಜಮೀನಿನಿಂದ ಸುಲಭವಾಗಿ ಬಿಡಿಸಲಾಗದ ‘ರಕ್ಷಿತ ಗೇಣಿದಾರ’ ಎಂಬ ಸ್ಥಾನವನ್ನು ಸೃಷ್ಟಿಸಿತು. ಹೈದರಾಬಾದಿನಲ್ಲಿ ಕುಳಿತ ಜಾಗೀರುದಾರನ ಅಧಿಕಾರವನ್ನು ಈ ಕಾನೂನುಗಳು ನಿಜಕ್ಕೂ ಮುರಿದವು. ಆದರೆ ಊರಲ್ಲೇ ಇದ್ದ ದೇಶಮುಖ, ಮಾಲಿಪಾಟೀಲ, ಊರ ಲೆಕ್ಕ ಬರೆಯುವ ಪಟವಾರಿ ಮನೆತನಗಳು ಇದ್ದಲ್ಲಿಯೇ ಉಳಿದವು. ವಂಶಪಾರಂಪರ್ಯ ಗ್ರಾಮಾಧಿಕಾರ ಇಲ್ಲಿ ಕಾನೂನಿನ ಪ್ರಕಾರ ಕೊನೆಗೊಂಡದ್ದು 1963ರ ಫೆಬ್ರವರಿಯಲ್ಲಿ. ಅಂದರೆ ಗೇಣಿದಾರನಿಗೆ ಹಕ್ಕು ಕೊಟ್ಟ ಕಾನೂನು ಬಂದು ಒಂದು ದಶಕಕ್ಕೂ ಹೆಚ್ಚು ಕಾಲ ಆ ಹಕ್ಕನ್ನು ದಾಖಲಿಸಬೇಕಾದ ಲೆಕ್ಕಣಿಕೆ, ಅದನ್ನು ಕೊಡಲು ಮನಸ್ಸಿಲ್ಲದವರ ಅಥವಾ ಅವರ ಬೀಗರ ಕೈಯಲ್ಲೇ ಇತ್ತು. ರಕ್ಷಿತ ಗೇಣಿದಾರರೆಂದು ಹೆಸರು ಬಂದವರಲ್ಲೂ ಬಹಳ ಮಂದಿ ‘ಸ್ವಇಚ್ಛೆಯಿಂದ’ ರಾಜೀನಾಮೆ ಕೊಟ್ಟು ಜಮೀನು ಬಿಟ್ಟರು. ಸಾಲ, ಹೆಬ್ಬೆಟ್ಟು, ಗೌಡರ ಮನೆಯ ಕಟ್ಟೆ ಇವೆಲ್ಲ ಸೇರಿದಲ್ಲಿ ಆ ಇಚ್ಛೆ ಎಷ್ಟು ಸ್ವಂತದ್ದಾಗಿತ್ತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಸರ್ಕಾರ ತಂದ ತಿದ್ದುಪಡಿ ಇದಕ್ಕಿಂತ ಬಹಳ ಗಟ್ಟಿಯಾಗಿತ್ತು. 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು. ಉಳುವವನು ಫಾರಂ ನಂ. 7 ಕೊಟ್ಟು ಮಾಲೀಕನಾಗಬಹುದಿತ್ತು, ಅದರ ಗಡುವು 1979ರ ಜೂನ್ 30ರವರೆಗೆ ವಿಸ್ತರಣೆಯಾಯಿತು. ಗೇಣಿ ಚೀಟಿಯ ರೂಢಿಯೂ ರೈತ ಸಂಘಟನೆಯೂ ಇದ್ದ ಕರಾವಳಿ ಜಿಲ್ಲೆಗಳಿಂದ ಅರ್ಜಿಗಳು ರಾಶಿಯಾಗಿ ಬಂದವು. ಪಾಲಿಗೆ (ಬೆಳೆಯಲ್ಲಿ ಭಾಗ ಕೊಟ್ಟು), ಲಾವಣಿಗೆ (ಗೇಣಿ ಕಟ್ಟಿ) ಎಂದು ಬಾಯಿಮಾತಿನಲ್ಲೇ ಜಮೀನು ಮಾಡುತ್ತಿದ್ದ ನಮ್ಮ ಭಾಗದವರ ಬಳಿ ತೋರಿಸಲು ಚೀಟಿಯೂ ಇರಲಿಲ್ಲ, ಧಣಿಯ ವಿರುದ್ಧ ಸಾಕ್ಷಿ ಹೇಳುವವರೂ ಇರಲಿಲ್ಲ. ಈ ಅರ್ಜಿಗಳನ್ನು ತೀರ್ಮಾನಿಸುವ ಭೂನ್ಯಾಯಮಂಡಳಿಯಲ್ಲಿ ಅಧ್ಯಕ್ಷರಾಗಿ ಸಹಾಯಕ ಆಯುಕ್ತರು, ಜೊತೆಗೆ ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರು ಇರುತ್ತಿದ್ದರು. ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಿತ್ತು. ಉಳಿದ ಹೆಸರುಗಳನ್ನು ಸೂಚಿಸುವವರು ಯಾರೆಂಬುದು ತಾಲ್ಲೂಕಿನ ರಾಜಕಾರಣ ಬಲ್ಲವರಿಗೆ ಗೊತ್ತು. (ವಕೀಲರು ಅಲ್ಲಿ ಹಾಜರಾಗಕೂಡದೆಂಬ ನಿಯಮವೂ ಇತ್ತು, 1987ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ನಮ್ಮ ವೃತ್ತಿಬಾಂಧವರಿಗೆ ಸಿಟ್ಟು ಬರಬಹುದು, ಆದರೆ ಆ ನಿಯಮದ ಹಿಂದಿನ ಆಲೋಚನೆ ತಪ್ಪೆಂದು ನನಗನ್ನಿಸಿಲ್ಲ: ದೊಡ್ಡ ವಕೀಲರನ್ನು ಇಡುವ ಶಕ್ತಿ ಇದ್ದದ್ದು ಒಂದೇ ಪಕ್ಷಕ್ಕೆ.)

ಮತದಾನದ ಹಕ್ಕು ಎಲ್ಲರಿಗೂ ಒಂದೇ ದಿನ ಬಂದಿತು, ದಾಖಲೆಯ ಮೇಲಿನ ಹಿಡಿತ ಹಾಗೆ ಹಂಚಿಕೆಯಾಗಲಿಲ್ಲ. ಹಳೆಯ ಮನೆತನಗಳ ಮುಂದಿನ ತಲೆಮಾರು ಚುನಾವಣೆಗೆ, ಸಹಕಾರ ಸಂಘಕ್ಕೆ, ಗುತ್ತಿಗೆಗೆ ಇಳಿದಾಗ ಅವರ ಬೆನ್ನಿಗಿದ್ದದ್ದು ಈ ಉಳಿದ ಜಮೀನೇ. ಇದನ್ನು ಕಾನೂನಿನ ಸೋಲು ಎಂದು ಕರೆಯಲು ನಾನು ಒಪ್ಪುವುದಿಲ್ಲ. ಕಾನೂನು ಬರೆದವರು ಜಮೀನಿನ ಒಡೆತನವನ್ನು ನೋಡಿದರು, ಪುರಾವೆಯ ಒಡೆತನವನ್ನು ನೋಡಲಿಲ್ಲ.

ಅದು ಇಂದಿಗೂ ಮುಂದುವರಿದಿದೆ. ಕೆಲವೇ ವಿನಾಯಿತಿಗಳನ್ನು ಬಿಟ್ಟರೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದು ಈಗಲೂ ನಿಷಿದ್ಧ. ಆದ್ದರಿಂದ ಸೇಡಂ, ಚಿತ್ತಾಪುರ, ಶಹಾಪುರಗಳಲ್ಲಿ ಲಾವಣಿ ಹಿಡಿದು ತೊಗರಿ ಬಿತ್ತುವವನ ಹೆಸರು ಯಾವ ಕಾಗದದಲ್ಲೂ ಇರುವುದಿಲ್ಲ. ಬೆಳೆ ಹಾಳಾದರೆ ಪರಿಹಾರದ ಹಣ ಪಹಣಿಯಲ್ಲಿ ಹೆಸರಿರುವವರ ಬ್ಯಾಂಕ್ ಖಾತೆಗೆ ಜಮೆಯಾಗುತ್ತದೆ. ಅದೇ ಭೂಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಜಮೀನು ಕೊಳ್ಳುವಂತಾಯಿತು, ಲಾವಣಿಯವನನ್ನು ದಾಖಲಿಸುವ ದಾರಿ ಮಾತ್ರ ತೆರೆಯಲಿಲ್ಲ. ಒಡೆತನದ ಪ್ರಶ್ನೆಯನ್ನು ಮುಟ್ಟದೆ, ಆ ವರ್ಷದ ಸಾಗುವಳಿದಾರನೆಂದಷ್ಟೇ ಹೆಸರು ಬರೆದುಕೊಳ್ಳುವ ಅವಕಾಶವನ್ನು ಬೆಳೆ ಸಮೀಕ್ಷೆಯಲ್ಲಿ ಕಲ್ಪಿಸಿ, ಆ ನಮೂದನ್ನು ಗ್ರಾಮಸಭೆಯಲ್ಲಿ ಓದಿ ಹೇಳಿಸಿದರೆ ಪರಿಹಾರದ ಮಟ್ಟಿಗಾದರೂ ಅವನಿಗೆ ಒಂದು ಪುರಾವೆ ಸಿಗುತ್ತದೆ.